ಕಾಕಾ ತಾಳ ಹೊಡೆದ ರೆಕಾರ್ಡು

ಪರದೇಶಕ್ಕೆ ಹೋಗಿ ಬಂದವರಿಗೆಲ್ಲ ಹೇಳಿಕೊಳ್ಳಲು ಏನಾದರೊಂದು ಆಗಿಯೇ ಇರುತ್ತದೆ. ಒಬ್ಬರ ಪೆಟ್ಟಿಗೆ ಬೇರೆ ದೇಶಕ್ಕೆ ಹೋಗಿರುತ್ತದೆ, ಇನ್ನೊಬ್ಬರು ಹಿಮದಲ್ಲಿ ಜಾರಿ ಬಿದ್ದಿರುತ್ತಾರೆ. ನನಗೆ ಆಗುವುದೆಲ್ಲ ರೆಕಾರ್ಡ್ ಅಂಗಡಿಯಲ್ಲೇ ಆಗುತ್ತದೆ. ಅದೂ ದೊಡ್ಡ ಅಂಗಡಿಯಲ್ಲಲ್ಲ. ಒಬ್ಬನೇ ಮಾಲೀಕ, ಒಂದು ಬೆಕ್ಕು, ನೆಲದ ತುಂಬ ಡಬ್ಬಿ, ಡಬ್ಬಿಯ ತುಂಬ ಹಳೆಯ ಹಾಡಿನ ಪ್ಲೇಟುಗಳು ಇರುವ ಗಲ್ಲಿ ಅಂಗಡಿಗಳಲ್ಲಿ.

ನಾನೇನು ಸಂಗೀತಗಾರನಲ್ಲ. ಕಲಬುರಗಿಯ ಕಪನೂರಿನಲ್ಲಿ ಬೇಳೆ ಮಿಲ್ಲಿನ ಯಂತ್ರ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತೊಗರಿ ಬೆಳೆಯುವ ದೇಶಗಳಿಗೆಲ್ಲ ನಮ್ಮ ಯಂತ್ರ ಹೋಗುತ್ತದೆ, ಯಂತ್ರದ ಹಿಂದೆ ನಾನು ಹೋಗುತ್ತೇನೆ. ಹೊಸದೇನಾದರೂ ಕಲಿಯುವುದಿದ್ದರೆ ಜರ್ಮನಿಗೋ ಜಪಾನಿಗೋ ಕಳಿಸುತ್ತಾರೆ. ಕೆಲಸ ಮುಗಿದ ಮೇಲೆ ಜೊತೆಯವರು ಸಮುದ್ರ ನೋಡಲು ಹೋದರೆ ನಾನು ರೆಕಾರ್ಡ್ ಅಂಗಡಿ ಹುಡುಕುತ್ತೇನೆ. ಕಾರಣ ನಮ್ಮ ಕಾಕಾ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಕಮಲಾಪುರದಲ್ಲಿ ಮದುವೆ ಮುಂಜಿಗೆ ಮೈಕ್‌ಸೆಟ್ ಹಾಕುತ್ತಿದ್ದ. ಹರೆಯದಲ್ಲಿ ಊರ ಭಜನಿ ಮೇಳದಲ್ಲಿ ತಾಳ ಬಾರಿಸುತ್ತಿದ್ದ. ಮೇಳದ ಗುರುಗಳು ಒಮ್ಮೆ ಎಲ್ಲರನ್ನೂ ಹೈದರಾಬಾದಿಗೆ ಕರೆದುಕೊಂಡು ಹೋಗಿ ಒಂದು ರೆಕಾರ್ಡ್ ಮಾಡಿಸಿದರು. ಮುಂದೆ ಆ ಕಂಪನಿ ಮುಚ್ಚಿತು, ಗುರುಗಳೂ ತೀರಿಕೊಂಡರು. ಕಮಲಾಪುರದಲ್ಲಿ ಉಳಿದದ್ದು ಒಂದೇ ಒಂದು ಪ್ಲೇಟು, ಕಾಕಾನ ಹತ್ತಿರ. ಅದರ ಮೇಲೆ ನಾನು ಕುಳಿತೆ. ಆಗ ನನಗೆ ಎಂಟು ವರ್ಷ. ಶಾಲೆ ಬಿಟ್ಟ ಕೂಡಲೇ ಓಡಿ ಬಂದು ಕುರ್ಚಿಯ ಮೇಲೆ ಧಪ್ಪನೆ ಬಿದ್ದೆ, ಕೆಳಗೆ ಕಟಕ್ ಎಂದಿತು.

ಕಾಕಾ ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅಂದಿಗೇ ಮರೆತುಬಿಡುತ್ತಿದ್ದೆನೋ ಏನೋ. ಆಮೇಲೆ ಕಾಕಾ ಕಟ್ಟೆಯ ಮೇಲೆ ಕೂತು "ನಾ ರೆಕಾರ್ಡಿನಾಗ ತಾಳ ಹೊಡದೀನಿ" ಎಂದಾಗಲೆಲ್ಲ ಜನ "ಎಲ್ಲದ ಆ ರೆಕಾರ್ಡು? ತೋರ್ಸು ನೋಡೂಣು" ಎಂದು ನಗುತ್ತಿದ್ದರು. ಕಾಕಾ ನನ್ನ ಕಡೆ ಕೈ ಮಾಡುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ. ಅದರ ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲಿದ್ದರೂ ತಂದು ಕಾಕಾನ ಕೈಯಲ್ಲಿಟ್ಟು, ಆ ನಗುವವರ ಬಾಯಿ ಮುಚ್ಚಿಸಬೇಕು ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಹಿಂದೆ ಕರೆಯದ ಮಾಲೀಕ

ಮೊದಲು ಹೋದದ್ದು ಜರ್ಮನಿಗೆ. ಅಲ್ಲಿ ಒಂದು ಅಂಗಡಿಯಲ್ಲಿ ಕಾಕಾನ ರೆಕಾರ್ಡ್ ಇರಲಿಲ್ಲ, ಆದರೆ ಒಂದು ಶಹನಾಯಿ ರೆಕಾರ್ಡ್ ಇತ್ತು. ಬರಿಗೈಯಲ್ಲಿ ಹೋಗುವುದಕ್ಕಿಂತ ಅದನ್ನೇ ಒಯ್ಯೋಣ ಎಂದು ಬೆಲೆ ಕೇಳಿದೆ. ಮಾಲೀಕ ಹೇಳಿದ.

ಸ್ಟೇಶನ್ ಬಜಾರದಲ್ಲಿ ವ್ಯಾಪಾರ ಕಲಿತವರಿಗೆ ಮುಂದೇನು ಮಾಡಬೇಕೆಂದು ಹೇಳಿಕೊಡಬೇಕಾಗಿಲ್ಲ. ಮುಖ ಸೊಟ್ಟ ಮಾಡಬೇಕು, ಸಾಮಾನು ಕೆಳಗಿಡಬೇಕು, ಹೊರಗೆ ನಡೆಯಬೇಕು. ಹತ್ತು ಹೆಜ್ಜೆಯೊಳಗೆ "ಬರ್ರೀ, ಬರ್ರೀ, ಹಾಂಗ ಹೋದ್ರ ಹ್ಯಾಂಗ?" ಎಂದು ಹಿಂದಿನಿಂದ ಕೂಗು ಬರಬೇಕು.

ನಾನು ಹತ್ತು ಹೆಜ್ಜೆ ನಡೆದೆ. ಕೂಗು ಬರಲಿಲ್ಲ. ಬಹುಶಃ ಇವರಲ್ಲಿ ಇಪ್ಪತ್ತು ಹೆಜ್ಜೆ ಇರಬಹುದೆಂದು ಮೂಲೆಯವರೆಗೆ ಹೋದೆ. ಯಾರೂ ಕರೆಯಲಿಲ್ಲ. ತಿರುಗಿ ಬಂದು, ಅದೇ ರೆಕಾರ್ಡ್ ಎತ್ತಿ, ಇನ್ನಷ್ಟು ಸೊಟ್ಟ ಮುಖ ಮಾಡಿ, ಮತ್ತೆ ಹೊರಗೆ ನಡೆದೆ. ಹೀಗೆ ಮೂರನೆಯ ಸಲ ಹೊರಗೆ ಬಿದ್ದಾಗ ಹಿಂದೆ ಓಡಿ ಬರುವ ಸದ್ದು ಕೇಳಿತು. ಮಾಲೀಕನೇ! ಎಲ್ಲಿ ಹೋದರೂ ವ್ಯಾಪಾರ ಒಂದೇ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು.

ಅವನು ನನ್ನ ಹೆಗಲ ಮೇಲೆ ಕೈ ಇಟ್ಟು ಒಂದು ಚೀಟಿ ಕೊಟ್ಟ. ಅದರಲ್ಲಿ ರೈಲ್ವೆ ಸ್ಟೇಶನ್ನಿಗೆ ಹೋಗುವ ದಾರಿಯ ನಕ್ಷೆ ಬರೆದಿದ್ದ. ಪಾಪ, ದಾರಿ ತಪ್ಪಿ ಸುತ್ತುತ್ತಿದ್ದಾನೆಂದು ತಿಳಿದಿದ್ದ. ನನ್ನ ಇಂಗ್ಲಿಷಿನಿಂದ ಅವನಿಗೆ ಅನುಮಾನ ಇನ್ನೂ ಗಟ್ಟಿಯಾಗಿ, ಅಂಗಡಿಗೆ ಬೀಗ ಹಾಕಿ ನನ್ನನ್ನು ಸ್ಟೇಶನ್ನಿನವರೆಗೂ ನಡೆಸಿಕೊಂಡು ಹೋದ. ರೈಲು ಬರುವವರೆಗೆ ಪಕ್ಕದಲ್ಲೇ ನಿಂತ. ಅಷ್ಟು ಒಳ್ಳೆಯ ಮನುಷ್ಯನ ಮನಸ್ಸು ನೋಯಬಾರದೆಂದು ನಾನು ರೈಲು ಹತ್ತಿ ಕೈ ಬೀಸಿದೆ.

ನಾನು ಇಳಿದುಕೊಂಡಿದ್ದ ಹೋಟೆಲ್ಲು ಅವನ ಅಂಗಡಿಯ ಮೇಲಿನ ಮಹಡಿಯಲ್ಲೇ ಇತ್ತು.

ಕಾಲು ತಾಗಿದ ಡಬ್ಬಿ

ಜಪಾನಿನ ಒಸಾಕಾದಲ್ಲಿ ಸಿಕ್ಕ ಅಂಗಡಿ ನಮ್ಮ ಮನೆಯ ದೇವರ ಕೋಣೆಗಿಂತ ಸ್ವಲ್ಪ ದೊಡ್ಡದು. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ, ಎರಡೂ ಕಡೆ ನೆಲದ ಮೇಲೆ ಡಬ್ಬಿಗಳು. ನನ್ನಂಥ ಡೊಳ್ಳು ಹೊಟ್ಟೆಯವನಿಗೆ ತನ್ನ ಕಾಲು ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಮೊದಲನೆಯ ಹೆಜ್ಜೆಗೇ ಡಬ್ಬಿಗೆ ಕಾಲು ತಾಗಿತು.

ಪುಸ್ತಕ, ವಾದ್ಯ, ಹಾಡು, ಇವೆಲ್ಲ ಸರಸ್ವತಿ. ಕಾಲು ತಾಗಿದರೆ ಬಗ್ಗಿ, ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳಬೇಕು. ಅದೇನು ಯೋಚಿಸಿ ಮಾಡುವುದಲ್ಲ, ಕೈ ತಾನೇ ಹೋಗುತ್ತದೆ. ನಾನು ಬಗ್ಗಿ ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆ ಎತ್ತಿದರೆ ಗಲ್ಲಾಪೆಟ್ಟಿಗೆಯ ಹಿಂದೆ ಮುದುಕ ಮಾಲೀಕ ಎದ್ದು ನಿಂತು ನನಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ನಾನು ಅವನ ಅಂಗಡಿಗೆ ನಮಸ್ಕರಿಸಿದೆ ಎಂದುಕೊಂಡಿದ್ದ.

ದೊಡ್ಡವರು ಬಗ್ಗಿದರೆ ನಾವು ನೆಟ್ಟಗೆ ನಿಲ್ಲುವುದು ಮರ್ಯಾದೆಯೇ? ನಾನೂ ಬಗ್ಗಿದೆ. ಬಗ್ಗಿದಾಗ ಹಿಂಭಾಗ ಹಿಂದಿನ ಡಬ್ಬಿಗೆ ತಾಗಿತು. ಹಿಂಭಾಗ ತಾಗಿದರೆ ಕಾಲು ತಾಗಿದ್ದಕ್ಕಿಂತ ದೊಡ್ಡ ತಪ್ಪಲ್ಲವೇ? ತಿರುಗಿ ಅದನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮಾಲೀಕ ಮೊದಲಿಗಿಂತ ಕೆಳಗೆ ಬಗ್ಗಿದ. ನಾನು ಅವನಿಗಿಂತ ಕೆಳಗೆ ಬಗ್ಗಿದೆ. ಅರ್ಧ ತಾಸು ಆ ಅಂಗಡಿಯಲ್ಲಿದ್ದೆ, ಅದರಲ್ಲಿ ಕಾಲು ತಾಸು ನೆಲವನ್ನೇ ನೋಡಿದ್ದೇನೆ. ಕಾಕಾನ ರೆಕಾರ್ಡ್ ಅಲ್ಲೂ ಇರಲಿಲ್ಲ. ಆದರೆ ಹಿಂದೂಸ್ತಾನದ್ದೆಂದು ಬೇರೆ ಇಟ್ಟಿದ್ದ ನಾಲ್ಕು ರೆಕಾರ್ಡುಗಳನ್ನು ಮುದುಕ ಅಚ್ಚುಕಟ್ಟಾಗಿ ಕಾಗದದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟ.

ಬಾಗಿಲು ದಾಟುವಾಗ ಹಿಂತಿರುಗಿ ನೋಡಿದೆ. ಕೋಟು ಹಾಕಿದ ಜಪಾನಿ ಗಿರಾಕಿಯೊಬ್ಬನ ಬೂಟು ಡಬ್ಬಿಗೆ ತಾಗಿತು. ಅವನು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಬಗ್ಗಿ, ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡ.

ಪಕ್ಕದ ಮನೆಯಿಂದ ಜಪಾನಿಗೆ

ಈಗ ನಮ್ಮ ಮನೆ ಕುಸನೂರಿನಲ್ಲಿ. ನಾನು ಪರದೇಶದಿಂದ ಬಂದ ಮರುದಿನ ಪಕ್ಕದ ಮನೆಯ ಅಕ್ಕೋರು ತಪ್ಪದೆ ಬರುತ್ತಾರೆ. ನಾನು ಏನು ತಂದಿದ್ದೇನೆಂದು ನೋಡದೆ ಅವರಿಗೆ ಸಮಾಧಾನವಿಲ್ಲ. ನನ್ನ ಮನೆಯವಳಿಗೆ ಆ ದಿನ ಬಂದರೆ ಜೀವ ಹಿಡಿಯಷ್ಟಾಗುತ್ತದೆ.

"ಮಂದಿ ಸೆಂಟ್ ತರ್ತಾರ, ಚಾಕಲೇಟ್ ತರ್ತಾರ. ಇವರು ನೋಡ್ರಿ, ಹಳೇ ಪ್ಲೇಟ್ ತಂದಾರ" ಎಂದು ಒಸಾಕಾದ ಗಂಟು ಬಿಚ್ಚಿ ತೋರಿಸಿದಳು.

ಅಕ್ಕೋರು ಒಂದೊಂದಾಗಿ ತಿರುವಿ ಹಾಕಿದರು. "ಇಂಥಾವು ನಮ್ಮ ಅಟ್ಟದ ಮ್ಯಾಲೂ ಇದ್ದೂರೀ. ನಾಕೈದು ವರ್ಷದ ಹಿಂದ ದೀಪಾವಳಿಗೆ ಮನಿ ಸ್ವಚ್ಛ ಮಾಡಿದಾಗ ಗುಜರಿಯಾಂವಗ ಹಾಕಿದ್ವಿ" ಎನ್ನುತ್ತಿದ್ದವರು ಮೂರನೆಯದನ್ನು ಮಗುಚಿ ಕಣ್ಣಿನ ಹತ್ತಿರ ಹಿಡಿದರು. ಅದರ ಹಿಂದೆ ಮಸಿಯಲ್ಲಿ ಕನ್ನಡ ಅಕ್ಷರವಿತ್ತು. ನಾನು ಒಸಾಕಾದಲ್ಲಿ ಕನ್ನಡಕ ಹಾಕಿಕೊಂಡು ನೋಡಿರಲಿಲ್ಲ.

"ಅಯ್ಯ ಇದರವನ! ಇದು ನಮ್ಮ ಮಾವನೋರ ಕೈಬರಹ" ಎಂದರು.

ಬರೆದದ್ದನ್ನು ನಾವು ಮೂವರೂ ಓದಿದೆವು. 'ಇದನ್ನು ಒಯ್ದವರು ತಪ್ಪದೆ ತಂದು ಕೊಡತಕ್ಕದ್ದು' ಎಂದಿತ್ತು. ನಾನು ಕೊಡದೆ ಇರುವುದು ಹೇಗೆ? ಏಳು ಸಮುದ್ರ ದಾಟಿ ತಂದದ್ದನ್ನು ಅಕ್ಕೋರು ಸೆರಗಿನಲ್ಲಿ ಒರೆಸಿಕೊಂಡು ಮನೆಗೆ ಒಯ್ದರು.

ಆ ರಾತ್ರಿ ನಾನು ಖುಷಿಯಲ್ಲಿದ್ದೆ. ಪಕ್ಕದ ಮನೆಯ ಪ್ಲೇಟು ಗುಜರಿಯವನ ಗಾಡಿ ಹತ್ತಿ ಜಪಾನಿನವರೆಗೆ ಹೋಗುತ್ತದೆಂದರೆ ಕಾಕಾನ ಪ್ಲೇಟಿನ ಇನ್ನೊಂದು ಪ್ರತಿಯೂ ಎಲ್ಲೋ ಹೋಗಿ ಕುಳಿತಿರಬೇಕಲ್ಲ! ಮನೆಯವಳು ಮಾತ್ರ ಬೇರೆಯದೇ ಯೋಚನೆಯಲ್ಲಿದ್ದಳು.

"ಈ ದೀಪಾವಳಿಗೆ ಅಕ್ಕೋರು ಮತ್ತ ಅಟ್ಟ ಸ್ವಚ್ಛ ಮಾಡ್ತಾರ" ಎಂದಳು. "ನೀವು ಮತ್ತ ಜಪಾನಿಗೆ ಹೋಗೂದು ಬಂತು ನೋಡ್ರಿ."

ಲಂಡನ್ನಿನಲ್ಲಿ ಹನ್ನೆರಡು ರೊಟ್ಟಿ

ಯಂತ್ರಗಳ ಪ್ರದರ್ಶನಕ್ಕೆಂದು ಲಂಡನ್ನಿಗೆ ಹೋದಾಗ ಮನೆಯವಳು ಎಂದಿನಂತೆ ಖಡಕ್ ರೊಟ್ಟಿ ಕಟ್ಟಿಕೊಟ್ಟಿದ್ದಳು. ನಮ್ಮ ಕಡೆಯವರು ಚಂದ್ರಲೋಕಕ್ಕೆ ಹೊರಟರೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಹನ್ನೆರಡು ರೊಟ್ಟಿ, ನಡುನಡುವೆ ಕಾಗದ, ಹೊರಗೆ ಬಟ್ಟೆಯ ಚೀಲ.

ಗಲ್ಲಿಯೊಳಗಿನ ಅಂಗಡಿಯಲ್ಲಿ ಚೀಲವನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಇಟ್ಟು ಒಳಗೆ ಹೋಗಬೇಕೆಂಬ ನಿಯಮ. ಮಾಲೀಕ ಬಿಳಿ ಗಡ್ಡದ ಗಂಟುಮೋರೆಯವನು. ನಾನು ಚೀಲ ಕೊಟ್ಟು, ಒಂದು ರೊಟ್ಟಿ ಮುರಿದರೂ ಮನೆಯವಳ ಕೈಗೆ ಸಿಗುವವನು ನಾನೇ ಎಂಬ ಹೆದರಿಕೆಯಿಂದ, "ಜೋಪಾನ, ಬೇಗ ಒಡೆಯುತ್ತವೆ" ಎಂದೆ.

ಅವನ ಕಣ್ಣು ಅರಳಿತು. ಚೀಲ ಮುಟ್ಟಿ ನೋಡಿದ. ದುಂಡಗೆ, ತೆಳ್ಳಗೆ, ಗಟ್ಟಿಯಾಗಿ, ನಡುವೆ ಕಾಗದ. "ಹಳೆಯವೇ?" ಎಂದು ಕೇಳಿದ. "ಎಂಟು ದಿನದವು" ಎಂದರೆ ಮರ್ಯಾದೆ ಹೋಗುತ್ತದೆಂದು "ಸ್ವಲ್ಪ ಹಳೆಯವು" ಎಂದೆ. "ಯಾವ ಕಂಪನಿ?" ಎಂದ. "ಮನೆಯಲ್ಲೇ ಮಾಡಿದ್ದು" ಎಂದೆ. ಅವನು ಕೈ ಒರೆಸಿಕೊಂಡು, ಬಿಳಿ ಕೈಗವಸು ಹಾಕಿಕೊಂಡು, ಉಸಿರು ಬಿಗಿ ಹಿಡಿದು, ಎರಡು ಅಂಗೈಯ ಅಂಚಿನಲ್ಲಿ ಒಂದು ರೊಟ್ಟಿಯನ್ನು ಮೆಲ್ಲಗೆ ಹೊರತೆಗೆದ. ದೀಪದ ಕೆಳಗೆ ಹಿಡಿದು ಗೆರೆ ಹುಡುಕಿದ. ಮೂಗಿನ ಹತ್ತಿರ ಒಯ್ದ. ಆಮೇಲೆ ನನ್ನನ್ನು ನೋಡಿದ.

ನಾನು ತುಂಡು ಮುರಿದು ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಹಾಕಿಕೊಂಡ. ಕಟುಮ್ ಎಂದಿತು. ಹಿಂಡಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು, ಆದರೆ ಕೈ ಮತ್ತೆ ಚೀಲಕ್ಕೆ ಹೋಯಿತು. ಇಬ್ಬರೂ ಕೂತು ಐದು ರೊಟ್ಟಿ ಮುಗಿಸಿದೆವು. ಗಂಟುಮೋರೆ ಸಡಿಲವಾಗಿ ಅವನೇ ಮೆಟ್ಟಿಲೇರಿ ಎಲ್ಲ ಡಬ್ಬಿ ಇಳಿಸಿ ಹುಡುಕಿದ. ಕಾಕಾನ ರೆಕಾರ್ಡ್ ಸಿಗಲಿಲ್ಲ.

ಹೊರಡುವಾಗ ಉಳಿದ ರೊಟ್ಟಿಯಲ್ಲಿ ಎರಡನ್ನು ಅವನಿಗೆ ಕೊಟ್ಟೆ. ಒಂದನ್ನು ತಿನ್ನಲು ಇಟ್ಟುಕೊಂಡ. ಇನ್ನೊಂದನ್ನು ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ಗೋಡೆಗೆ ತೂಗುಹಾಕಿ, ಕೆಳಗೆ 'ಮಾರಾಟಕ್ಕಿಲ್ಲ' ಎಂದು ಬರೆದ.

ಐಬಿರುವ ರೆಕಾರ್ಡ್

ಕೊನೆಗೆ ಸಿಕ್ಕಿದ್ದು ಆಫ್ರಿಕಾದ ದಾರ್ ಎಸ್ ಸಲಾಮಿನಲ್ಲಿ. ಯಂತ್ರ ಕೂಡಿಸಿ ಮುಗಿದ ದಿನ ಬಜಾರಿನ ಒಂದು ಅಂಗಡಿಗೆ ಹೋದೆ. ಮಾಲಕಿ ಎಪ್ಪತ್ತು ದಾಟಿದ ಕಛ್ ಮೂಲದ ಮುದುಕಿ, ಉರ್ದು ಬರುತ್ತಿತ್ತು. ಕಲಬುರಗಿಯ ಬಜಾರದ ಉರ್ದು ನನಗೂ ಬರುತ್ತದೆ. "ಖಾಲಾ, ಐಸಾ ರೆಕಾರ್ಡ್ ಹೈ ಕ್ಯಾ?" ಎಂದು ಕಾಕಾನನ್ನು ಕಾಡಿ ಬರೆಸಿಕೊಂಡಿದ್ದ ಚಿತ್ರ ತೋರಿಸಿದೆ. ರೆಕಾರ್ಡಿನ ಹೊದಿಕೆಯ ಮೇಲೆ ತಂಬೂರಿ ಇತ್ತೆಂದು ಕಾಕಾ ತಂಬೂರಿ ಬರೆದಿದ್ದ. ಅದು ಯಾರಿಗೂ ತಂಬೂರಿಯಾಗಿ ಕಂಡಿರಲಿಲ್ಲ. ಲಂಡನ್ನಿನವನು ಸೌಟು ಎಂದಿದ್ದ.

ಮುದುಕಿ ಚಿತ್ರ ನೋಡಿದ್ದೇ ನಕ್ಕಳು. ಹಿಂದೆ ತಿರುಗಿ ಗೋಡೆಗೊರಗಿಸಿದ ರೆಕಾರ್ಡೊಂದನ್ನು ತೆಗೆದು ಮುಂದಿಟ್ಟಳು. ಹಸಿರು ಹೊದಿಕೆ, ತಂಬೂರಿ, ಕೆಳಗೆ ಕನ್ನಡದಲ್ಲಿ ನಮ್ಮ ಮೇಳದ ಹೆಸರು. ನಲವತ್ತು ವರ್ಷದ ಮೇಲೆ ನೋಡುತ್ತಿದ್ದೆ, ಅಂಗಡಿಯಲ್ಲೇ ಅತ್ತುಬಿಟ್ಟೆ.

ಮುದುಕಿ ನೀರು ಕೊಟ್ಟಳು. "ಬೇಟಾ, ಮೊದಲೇ ಹೇಳ್ತೀನಿ" ಎಂದು ಉರ್ದುವಿನಲ್ಲಿ ಹೇಳಿದಳು, "ಇದನ್ನು ಮೂರು ಸಲ ಮಾರಿದ್ದೇನೆ, ಮೂರು ಸಲವೂ ತಿರುಗಿ ಬಂದಿದೆ. ಇಸ್ ಮೇ ಐಬ್ ಹೈ."

ಐಬು ಎಂದರೆ ಗೀರು ಬಿದ್ದಿರಬೇಕು, ಬೀಳಲಿ ಬಿಡು ಎಂದುಕೊಂಡೆ. ಹಾಕಿ ಕೇಳೋಣವೆಂದರೆ ಕರೆಂಟು ಹೋಗಿತ್ತು. ಮುದುಕಿ ನನ್ನ ಕಥೆ ಪೂರ್ತಿ ಕೇಳಿ ದುಡ್ಡು ಬೇಡವೆಂದಳು. ನಾನು ಕೊಡುತ್ತೇನೆಂದು ಹಟ ಹಿಡಿದೆ. ಕೊನೆಗೆ ಅವಳೇ ಒಂದು ಷರತ್ತು ಹಾಕಿದಳು.

"ತಿರುಗಿ ಮಾತ್ರ ತರಬೇಡ."

ಕಮಲಾಪುರದಲ್ಲಿ

ಊರು ಮುಟ್ಟಿದ ದಿನವೇ ಕಮಲಾಪುರಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದ. ರೆಕಾರ್ಡನ್ನು ಅವನ ಕೈಯಲ್ಲಿಟ್ಟೆ. ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿದ. ಮುಖ ಬಿಳಿಚಿಕೊಂಡಿತು.

"ಎಲ್ಲಿ ಸಿಕ್ತೋ ಇದು?"

"ಆಫ್ರಿಕಾದಾಗ, ಕಾಕಾ."

"ಆಫ್ರಿಕಾಕ್ಕ ಹೋದ್ರೂ ಬಿಡಲಿಲ್ಲಲ್ಲೋ ನೀ" ಎಂದ. ಖುಷಿಗೆ ಮಾತು ತಡವರಿಸುತ್ತಿದೆ ಎಂದುಕೊಂಡೆ.

ಹಾಕಿ ಕೇಳೋಣ ಎಂದರೆ ಮಷೀನಿಗೆ ಮುಳ್ಳಿಲ್ಲ ಎಂದ. ನಾನು ಮುಳ್ಳು ತಂದಿದ್ದೆ. ಬೆಲ್ಟ್ ಹರಿದಿದೆ ಎಂದ. ಫಿಟ್ಟರನ ಮುಂದೆ ಬೆಲ್ಟಿನ ಮಾತೇ? ಅಷ್ಟರಲ್ಲಿ ಕಾಕಾನ ಹೆಂಡತಿ ಕಾಕು ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಕಾಕು ಈ ಮನೆಗೆ ಸೊಸೆಯಾಗಿ ಬಂದದ್ದು ರೆಕಾರ್ಡ್ ಒಡೆದ ಮರುವರ್ಷ, ಹಾಗಾಗಿ ಅವಳೂ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಎಲ್ಲರಿಗೂ ಚುರುಮುರಿಯ ಸುಸಲಾ, ಚಹಾ ಮಾಡಿದಳು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ ಹಿಟ್ಟಿನ ಗಿರಣಿಯವನನ್ನು ಮುಂದಿನ ಸಾಲಿನಲ್ಲೇ ಕೂಡಿಸಿದಳು.

ಮುಳ್ಳು ಇಟ್ಟೆ. ಚರಚರ ಸದ್ದು, ತಂಬೂರಿ, ಆಮೇಲೆ ಗುರುಗಳ ದನಿ. ಎಷ್ಟು ಚೆಂದದ ದನಿ! ಹಿಂದೆ ಸಣ್ಣಗೆ ತಾಳವೂ ಇತ್ತು. ಗಿರಣಿಯವನು "ತಾಳ ಯಾರರೆ ಹೊಡದಿರಬಹುದು, ನೀನs ಅಂತ ಹ್ಯಾಂಗ ನಂಬೂದು?" ಎನ್ನುತ್ತ ಗಿರಣಿ ಚಾಲೂ ಮಾಡುವ ಹೊತ್ತಾಯಿತೆಂದು ಎದ್ದ. ಎರಡನೆಯ ನುಡಿ ಮುಗಿಯಿತು. ಗುರುಗಳು ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತರು. ಆ ನಿಶ್ಶಬ್ದದಲ್ಲಿ, ಚಹಾದ ಕಪ್ಪು ನಡುಗುವ ಹಾಗೆ, ರೆಕಾರ್ಡಿನೊಳಗಿಂದ ಒಂದು ಸೀನು ಬಂತು.

ಒಂಟಿ ಸೀನು. ಹೊರಟವನು ಒಂಟಿ ಸೀನು ಕೇಳಿದರೆ ಮುಂದೆ ಹೆಜ್ಜೆ ಇಡುತ್ತಾನೆಯೇ? ಗಿರಣಿಯವನು ತಿರುಗಿ ಕುಳಿತುಬಿಟ್ಟ.

ಕಾಕು ಕೈಯಲ್ಲಿನ ತಟ್ಟೆ ಕೆಳಗಿಟ್ಟಳು. "ಇದು ನಮ್ಮೋರ ಸೀನು!" ಎಂದಳು. "ನಲವತ್ತು ವರ್ಷ ದಿನಾ ಮುಂಜಾನೆ ಕೇಳೀನಿ. ನಂಗ ಗೊತ್ತಾಗಂಗಿಲ್ಲೇನು?"

ಓಣಿಯೇ ನಕ್ಕಿತು. ಗಿರಣಿಯವನು ಕೈ ಮುಗಿದು "ಒಪ್ಪಿದ್ನೆಪ್ಪಾ, ನೀ ರೆಕಾರ್ಡಿನಾಗ ಇದ್ದೀ" ಎಂದ. ಕಾಕಾ ಮಾತ್ರ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋದೆ.

"ಇದು ಹೊಸದಿದ್ದಾಗ ಪರ ಊರಾಗ ನಾಕು ಮದುವೀಗೆ ಹಚ್ಚಿದ್ದೆ" ಎಂದು ಕಾಕಾ ದನಿ ತಗ್ಗಿಸಿ ಹೇಳಿದ. "ಹೆಣ್ಣು ಗಂಡನ ಮನೀಗೆ ಹೊರಡೂ ಹೊತ್ತಿಗೆ ಸರಿಯಾಗಿ ಸೀನು ಬರೂದು. ಬೀಗರು ಅಲ್ಲೇ ಕೂತುಬಿಡಾವ್ರು. ನೀರು ಕುಡದು, ದೇವರಿಗೆ ಕೈ ಮುಗದು, ಮತ್ತ ಏಳೂದ್ರಾಗ ನಮ್ಮ ಮಷೀನು ಅದೇ ಪ್ಲೇಟ್ ಮತ್ತ ಹಚ್ಚೂದು. ಒಂದು ಹೆಣ್ಣಂತೂ ಸಂಜೀತನಕ ಹೊಸ್ತಿಲು ದಾಟಲಿಲ್ಲ. ಆಮ್ಯಾಲ ನನ್ನ ಮೈಕ್‌ಸೆಟ್ ಯಾರು ಕರೀತಾರ ಹೇಳು?"

"ತೆಗೆದು ಒಗೀಬೇಕಿತ್ತು, ಕಾಕಾ."

"ಗುರುಗಳ ದನಿ ಅದನೋ ಅದರಾಗ. ನನ್ನ ಕೈಲೆ ಹ್ಯಾಂಗ ಒಗೀಲಿ?" ಕಾಕಾ ಬಾಗಿಲ ಕಡೆ ನೋಡಿಕೊಂಡ. "ಅದಕ್ಕs ಕುರ್ಚಿ ಮ್ಯಾಲ ಇಟ್ಟೆ. ನೀ ಸಾಲಿ ಬಿಟ್ಟ ಕೂಡ್ಲೆ ಓಡಿ ಬಂದು ಅಲ್ಲೇ ಬೀಳ್ತಿದ್ದಿ. ಮೂರು ದಿನ ಕಾದೆ. ಎರಡು ದಿನ ನಿನಗ ಜ್ವರ ಬಂದು ಸಾಲಿಗೇ ಹೋಗಲಿಲ್ಲ."

ನಲವತ್ತು ವರ್ಷ ಹೊತ್ತು ತಿರುಗಿದ ತಪ್ಪು ನನ್ನದೇ ಅಲ್ಲ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೈ ಹಗುರಾಗಿ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಈ ಮನುಷ್ಯನಿಗಾಗಿ ಇನ್ನೂ ಹತ್ತು ದೇಶ ತಿರುಗಬಹುದಿತ್ತು ಅನ್ನಿಸಿತು.

"ಮತ್ತ ಅವತ್ತು ನಾ ಅಳಾಕತ್ತಾಗ ಬಜಾರಕ್ಕ ಕರಕೊಂಡು ಹೋಗಿ ಜಿಲೇಬಿ ಕೊಡ್ಸಿದಿ. ನನ್ನ ಸಮಾಧಾನ ಮಾಡಾಕ ಅಲ್ಲೇನು?"

"ಸಮಾಧಾನ ಎಲ್ಲೀದೋ ತಮ್ಮಾ! ಅದು ಖುಷಿ ಜಿಲೇಬಿ."

"ಹಂಗಾದ್ರ ಊರ ತುಂಬ ಹೇಳಿಕೋತ ಯಾಕ ತಿರುಗಿದಿ?"

"ಒಡದ ಮ್ಯಾಲ ಧೈರ್ಯ ಬಂತು. ಇನ್ನ ಯಾರೂ ಹಚ್ಚಿ ಕೇಳಂಗಿಲ್ಲಂತ."

ಒಳಗಿನಿಂದ ಕಾಕುವಿನ ದನಿ ಬಂತು. "ಏನ್ರೀ, ಈ ಬದಿ ಮುಗೀತು! ಆ ಬದಿ ಹಚ್ಚಾಕತ್ತೀವಿ ನೋಡ್ರಿ!"

ಮಂಡಿ ನೋವೆಂದು ವರ್ಷದಿಂದ ಕೋಲು ಹಿಡಿದು ನಡೆಯುವ ಕಾಕಾ ಕೋಲು ಬಿಟ್ಟು ಓಡಿದ.

"ಏ ತಡೀ! ಆ ಬದಿ ಬ್ಯಾಡ! ಮುಳ್ಳು ತಗೀ!"

"ಯಾಕ್ರೀ? ಅಲ್ಲೂ ಸೀನೀರೇನು?"

"ಸೀನಿಲ್ಲ! ಆ ಬದಿಗೆ ಬರೂದ್ರಾಗ ಗುರುಗಳ ಗಂಟಲು ಕೂತಿತ್ತು. ಅದರಾಗ ನಾನs ಹಾಡೀನಿ!"